ಇಲ್ಲದವರು ಬಂದ ವರ್ಷ

ನಮ್ಮೂರಿನ ಬಾಳವ್ವನ ಮನೆಗೆ ಗಡಿಯಾರ ಬೇಕಿರಲಿಲ್ಲ. ಪೇಟೆಯಲ್ಲಿ ಕೋಳಿ ಕೊಯ್ದು ಮಾರುತ್ತಿದ್ದ ಹೆಂಗಸು ಅವಳು. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ಕೂತು, ಕತ್ತು ಚಾಚಿ, ಓಣಿಗೆಲ್ಲ ಕೇಳುವ ಹಾಗೆ ಒಮ್ಮೆ ಆಕಳಿಸಿದಳೆಂದರೆ ಎಲ್ಲರ ಮನೆಯಲ್ಲೂ ಒಲೆ ಹೊತ್ತುತ್ತಿತ್ತು. ಕುರಿ ಕಡಿಯುವ ಮಲ್ಲೇಶಿ ಮಾತಾಡುತ್ತಾ ಮಾತಾಡುತ್ತಾ ಯಾರದಾದರೂ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆಯಂದಿರು ನಕ್ಕರೆ ಅತ್ತೆಯಂದಿರು ಗದರುತ್ತಿದ್ದರು: ಜೀವ ತೆಗೆದವರಿಗೆ ಹೋದ ಜೀವದ ಒಂದು ಚಟ ಅಂಟಿಕೊಳ್ಳುತ್ತದೆ, ಅದರಲ್ಲಿ ನಗುವುದೇನು ಬಂತು? ನಾನೂ ಹಾಗೆ ಸೊಸೆಯಾಗಿ ಬಂದವಳೇ. ಮೊದಲು ನಕ್ಕೆ, ಆಮೇಲೆ ಇಲಿಬೋನು ಇಡುವ ಕೆಲಸವನ್ನು ಗಂಡನಿಗೆ ವಹಿಸಿದೆ. ಅವರು ಈಗಲೂ ಯಾರೂ ಇಲ್ಲದಾಗ ಡಬ್ಬಿ ತೆಗೆದು ಕಡಲೆ ಕಡಿಯುತ್ತಾರೆ. ಅದು ಇಲಿಯದೋ ಅವರ ಸ್ವಂತದ್ದೋ ಇವತ್ತಿಗೂ ತೀರ್ಮಾನವಾಗಿಲ್ಲ.

ಮನುಷ್ಯರನ್ನು ಮನುಷ್ಯರು ಕೊಲ್ಲುವುದು ಮಾತ್ರ ನಮ್ಮಲ್ಲಿ ಅಪರೂಪವಾಗಿತ್ತು. ನಮ್ಮವರು ದೊಡ್ಡ ಸಾಧುಗಳು ಅಂತಲ್ಲ. ಮುಚ್ಚಿಡಲು ಬರುತ್ತಿರಲಿಲ್ಲ, ಅಷ್ಟೇ. ಹೊಲದ ಜಗಳದಲ್ಲಿ ಅಣ್ಣನನ್ನು ಹೊಡೆದುಹಾಕಿದವನು ಅಣ್ಣನ ಹಾಗೆಯೇ ಊಟಕ್ಕೆ ಮೊದಲು ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ಇಟ್ಟುಕೊಂಡರೆ ಬಡಿಸುವ ತಾಯಿಗೆ ಗೊತ್ತಾಗದೆ ಇರುತ್ತದೆಯೇ? ಹಾಗಾಗಿ ಜಗಳಗಳು ಬೈಗುಳದಲ್ಲೇ ಮುಗಿಯುತ್ತಿದ್ದವು. ನಮ್ಮೂರಿನ ಬೈಗುಳ ಸುತ್ತಲ ಹತ್ತೂರಿಗೆ ಹೆಸರುವಾಸಿ.

ಆಮೇಲೆ ಹಡಗಿನವರ ಮೇಲೆ ಯುದ್ಧ ಶುರುವಾಯಿತು. ಕಡಲಾಚೆಯಿಂದ ಬಂದು ನಮ್ಮ ಮುತ್ತಜ್ಜಂದಿರ ಕಾಲದಿಂದ ನಮ್ಮನ್ನು ಆಳುತ್ತಿದ್ದವರಿಗೆ ನಾವು ಹಡಗಿನವರು ಅನ್ನುತ್ತಿದ್ದೆವು. ಅವರನ್ನು ಓಡಿಸಲು ಬಂದೂಕು ಹಿಡಿದು ಗುಡ್ಡ ಹತ್ತಿದ ನಮ್ಮವರಿಗೆ ಗುಡ್ಡದವರು ಅನ್ನುತ್ತಿದ್ದೆವು. ಗುಡ್ಡದವರು ಕೈಗೆ ಸಿಗದೆ ಹೋದಾಗ, ಅವರಿಗೆ ಊರಿನಿಂದ ಅನ್ನ, ಔಷಧಿ, ಸುದ್ದಿ ಕಳಿಸುತ್ತಿದ್ದವರು ಒಬ್ಬೊಬ್ಬರಾಗಿ ಸಾಯತೊಡಗಿದರು. ಕೊಲ್ಲುತ್ತಿದ್ದವರಿಗೆ ಸಮವಸ್ತ್ರವಿರಲಿಲ್ಲ, ಹೆಸರಿರಲಿಲ್ಲ. ಪ್ರತಿ ಕೊಲೆಯ ಮರುದಿನ ಹಡಗಿನವರ ಸಾಹೇಬ, 'ಅಂಥ ಪಡೆ ಇಲ್ಲ, ಅಂಥ ಜನ ಇಲ್ಲ' ಎಂದು ಡಂಗುರ ಸಾರಿಸುತ್ತಿದ್ದ. ಸರಿ, ನಾವು ಅವರನ್ನು ಇಲ್ಲದವರು ಎಂದೇ ಕರೆದೆವು. 'ನಿನ್ನೆ ಪೇಟೆಗೆ ಇಲ್ಲದವರು ಬಂದಿದ್ದರಂತೆ' ಎಂದರೆ ಮಕ್ಕಳೂ ಆಟ ಬಿಟ್ಟು ಮನೆ ಸೇರುತ್ತಿದ್ದವು.

ಮೊದಮೊದಲು ಇಲ್ಲದವರಿಗೆ ನಮ್ಮೂರಿನ ಸಂಗತಿ ಗೊತ್ತಿರಲಿಲ್ಲ. ಅವರ ಒಬ್ಬ ಕ್ಯಾಪ್ಟನ್ನು ವಕೀಲ ಗುರುಪಾದಯ್ಯನವರನ್ನು ತನ್ನ ಕೈಯಾರೆ ಮುಗಿಸಿದ. ವಕೀಲರಿಗೆ ಮಾತಿನ ನಡುವೆ ಜಾರಿದ ಕರಿಕೋಟನ್ನು ಹೆಗಲಿಗೆ ಎಳೆದುಕೊಳ್ಳುವ ಚಟವಿತ್ತು, ಕೋಟು ಹಾಕದ ದಿನವೂ. ಮುಂದಿನ ಸೋಮವಾರದ ಕವಾಯತಿನಲ್ಲಿ ಕ್ಯಾಪ್ಟನ್ನು ಸೈನಿಕರ ಮುಂದೆ ನಿಂತು ಇಲ್ಲದ ಕೋಟನ್ನು ಹೆಗಲಿಗೆ ಎಳೆದುಕೊಂಡ, ಮತ್ತೆ ಎಳೆದುಕೊಂಡ. ಬೇಲಿಯಾಚೆ ನಿಂತ ಊರಿಗೆ ಊರೇ ಅದನ್ನು ನೋಡಿತು. ಅವನನ್ನು ಅದೇ ವಾರ ಹಡಗು ಹತ್ತಿಸಿ ಕಳಿಸಿದರು. ಅಲ್ಲಿಂದಾಚೆ ಇಲ್ಲದವರು ಸ್ವಂತ ಕೈಯಿಂದ ಯಾರನ್ನೂ ಮುಟ್ಟಲಿಲ್ಲ. ಹೆದರಿಸಿ, ಆಸೆ ತೋರಿಸಿ, ಊರಿನವರ ಕೈಯಿಂದಲೇ ಮಾಡಿಸತೊಡಗಿದರು. ಅಂಟುವ ಚಟ ಊರಿನವರಿಗೇ ಅಂಟಲಿ ಅಂತ.

ನಮ್ಮವರೇನು ಕಮ್ಮಿ? ಅವರು ಚಾಪೆಯ ಕೆಳಗೆ ನುಸುಳಿದರೆ ಇವರು ರಂಗೋಲಿಯ ಕೆಳಗೆ ನುಸುಳಿದರು. ಚಟ ನೆಡುವ ಪದ್ಧತಿ ಶುರುವಾದದ್ದು ಆಗಲೇ. ನಿನ್ನ ಸರದಿ ಬಂದಿದೆ ಎಂಬ ಸುದ್ದಿ ಯಾರಿಗಾದರೂ ಸಿಕ್ಕರೆ ಅವರು ಕೂಡಲೇ ಎದ್ದು ಕಾಣುವ ಒಂದು ಚಟವನ್ನು ಆರಿಸಿಕೊಂಡು ರೂಢಿ ಮಾಡುತ್ತಿದ್ದರು. ಕೊಂದವನಿಗೆ ಅದೇ ಅಂಟಬೇಕು, ಅಂಟಿ ಊರ ಮುಂದೆ ಅವನನ್ನು ಹಿಡಿದುಕೊಡಬೇಕು. ಶಾಲೆಯ ಮಾಸ್ತರರು ಕೂರುವ ಮೊದಲು ಕೆಮ್ಮುವುದನ್ನು ನೆಟ್ಟರು. ಅವರು ಹೋದ ಮೇಲೆ ಹುಲ್ಲಿನ ವ್ಯಾಪಾರಿಯೊಬ್ಬ ಕೂರುವ ಮೊದಲು ಕೆಮ್ಮಿ ಸಿಕ್ಕಿಬಿದ್ದ. ಗುಡ್ಡದವರು ಅವನನ್ನು ಕರೆದೊಯ್ದರು, ಅವನು ತಿರುಗಿ ಬರಲಿಲ್ಲ. ಪದ್ಧತಿ ಫಲ ಕೊಟ್ಟಿತು ಎಂದು ಊರು ಬೀಗಿತು.

ಹಂಪವ್ವನ ಗಂಡನಿಗೆ ಸುದ್ದಿ ಬಂದದ್ದು ಊರು ಹಾಗೆ ಬೀಗುತ್ತಿದ್ದ ದಿನಗಳಲ್ಲಿ. ಹಂಪವ್ವ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರಿಗೂ ಒಂದೇ ಗೋಡೆ, ಒಂದೇ ಬಾವಿ. ಅವಳ ಗಂಡ ಮುರಿಗೆಪ್ಪ ಸರಕಾರಿ ದವಾಖಾನೆಯ ಕಂಪೌಂಡರ್. ತೆಳ್ಳಗೆ, ಮೆಲುಮಾತಿನವನು. ಕಹಿ ಔಷಧಿ ಕೊಟ್ಟು ರೋಗಿಗಿಂತ ಮೊದಲು ತಾನೇ ಮುಖ ಹಿಂಡುತ್ತಿದ್ದ. ದವಾಖಾನೆಯ ಕ್ವಿನೈನು, ಪಟ್ಟಿ, ಟಿಂಚರುಗಳನ್ನು ಅವನು ಜಟಕಾ ಹೊಡೆಯುವ ಫಕೀರಪ್ಪನ ಹುಲ್ಲಿನ ಚೀಲದ ತಳದಲ್ಲಿಟ್ಟು ಗುಡ್ಡಕ್ಕೆ ಕಳಿಸುತ್ತಿದ್ದ. ಫಕೀರಪ್ಪನೆಂದರೆ ಸಂಸಾರವಿಲ್ಲದ ಒಂಟಿ ಜೀವ. ಮುರಿಗೆಪ್ಪನನ್ನು ದಿನಾ ದವಾಖಾನೆಗೆ ಕರೆದೊಯ್ದು ವಾಪಸು ತರುವುದೇ ತನ್ನ ಭಾಗ್ಯ ಅನ್ನುವ ಹಾಗೆ ಇದ್ದ.

ಮುರಿಗೆಪ್ಪ ಆರಿಸಿಕೊಂಡ ಚಟ ಇದು: ಯಾವ ಹೊಸ್ತಿಲು ದಾಟುವ ಮೊದಲೂ ಬಲಗಿವಿಯ ಹಾಲೆ ಹಿಡಿದು ಜಗ್ಗುವುದು. ಮೊದಲ ದಿನಗಳಲ್ಲಿ ಪಾಪ, ಮರೆಯುತ್ತಿದ್ದ. ಒಳಗೆ ಬಂದು ಬಿಟ್ಟಿರುತ್ತಿದ್ದ. ಹಂಪವ್ವ ಸೌಟು ಹಿಡಿದು ಅಡ್ಡ ನಿಲ್ಲುತ್ತಿದ್ದಳು.

"ತಿರುಗಿ ಹೋಗ್ರಿ. ಕಿವಿ ಎಲ್ಲಿ?"

"ಅಯ್ಯ, ಹೊಟ್ಟಿ ಹಸದೇತಿ, ಹಂಪಿ."

"ಹೊಟ್ಟಿ ಆಮ್ಯಾಲೆ. ಕಿವಿ ಮೊದಲ."

ನಾನು ಗೋಡೆಯ ಈಚೆ ನಿಂತು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ನಗು ಮುಗಿಸಿ ಬಾವಿಯ ಹತ್ತಿರ ಬಂದು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಗಂಡನನ್ನು ಉಳಿಸಿಕೊಳ್ಳುವ ದಾರಿ ಅವಳಿಗೆ ಕಾಣುತ್ತಿರಲಿಲ್ಲ. ಊರು ಬಿಡೋಣವೆಂದರೆ ಅವನು, 'ದವಾಖಾನಿ ಯಾರು ನೋಡ್ತಾರ' ಅನ್ನುತ್ತಿದ್ದ. ಉಳಿಸಲಾಗದಿದ್ದರೆ ಕೊಂದವನನ್ನಾದರೂ ಹಿಡಿಯಬೇಕು ಎಂಬ ಒಂದೇ ಹಟ ಅವಳಿಗೆ. ಮುರಿಗೆಪ್ಪ ಕಡೆಗೂ ಪಾಠ ಕಲಿತ. ಅವನು ಕಿವಿ ಜಗ್ಗುವುದು ಎಷ್ಟು ಚೆನ್ನಾಗಿ ಬಂತೆಂದರೆ ಓಣಿಯ ಮಕ್ಕಳು ಕಂಪೌಂಡರ್ ಆಟ ಆಡುವಾಗ ಅದನ್ನೇ ಮಾಡುತ್ತಿದ್ದವು.

ಹತ್ತಿ ಮಿಲ್ಲಿನ ಮಧ್ಯಾಹ್ನದ ಸಿಳ್ಳು ಕೂಗುವಾಗ ದವಾಖಾನೆಯ ಹಿಂದಿನ ಕೋಣೆಯಲ್ಲಿ ಅವನಿಗೆ ಗುಂಡು ಹಾಕಿದರು. ಸಿಳ್ಳಿನ ಸದ್ದಿನಲ್ಲಿ ಬಂದೂಕಿನ ಸದ್ದು ಯಾರಿಗೂ ಕೇಳಲಿಲ್ಲ. ಅಂಥವರು ಯಾರೂ ಇಲ್ಲವೆಂದು ಸಾಹೇಬ ಎಂದಿನಂತೆ ಡಂಗುರ ಸಾರಿಸಿದ.

ಆ ವಾರವೆಲ್ಲ ಊರಿನ ಕಣ್ಣು ಹೊಸ್ತಿಲುಗಳ ಮೇಲೆ. ಗುಡಿಯ ಹೊಸ್ತಿಲು, ಅಂಗಡಿಯ ಹೊಸ್ತಿಲು, ಚಾವಡಿಯ ಹೊಸ್ತಿಲು. ಯಾರಾದರೂ ಕಿವಿಯ ಹತ್ತಿರ ಸೊಳ್ಳೆ ಓಡಿಸಿದರೂ ಜನ ಉಸಿರು ಹಿಡಿಯುತ್ತಿದ್ದರು. ನನ್ನ ಗಂಡ ಕಿವಿಗೆ ಇಟ್ಟಿದ್ದ ಬೀಡಿ ತೆಗೆಯಲು ಹೆದರಿ ಬೀಡಿಯನ್ನೇ ಬಿಟ್ಟರು. ಆ ಒಂದು ಉಪಕಾರ ಆಯಿತು.

ಕರ್ಮದ ದಿನ ಹಂಪವ್ವನ ಮನೆಯಲ್ಲಿ ಜನ ಸೇರಿದ್ದರು. ಫಕೀರಪ್ಪ ಹೊರಗೆ ಕುದುರೆ ಕಟ್ಟಿ ಬಂದ. ಅತ್ತು ಅತ್ತು ಅವನ ಮುಖ ಊದಿತ್ತು. ಬಾಗಿಲಿಗೆ ಬಂದವನು ಹೊಸ್ತಿಲ ಮುಂದೆ ನಿಂತು ಬಲಗಿವಿಯ ಹಾಲೆ ಹಿಡಿದು ಜಗ್ಗಿದ.

ಮೊದಲು ಎದ್ದವನು ರಾಚಪ್ಪ. ಹತ್ತಿ ಪೇಟೆಯಲ್ಲಿ ತೂಕ ಮಾಡುವ ಆಳು, ಗಟ್ಟಿ ದನಿ, ಗಟ್ಟಿ ಮೈ, ಗುಡ್ಡದವರ ನಂಬಿಕಸ್ಥ ಎಂದು ಎಲ್ಲರಿಗೂ ಗೊತ್ತಿದ್ದವನು.

"ನೋಡಿದ್ರಿಲ್ಲೋ ಎಲ್ಲಾರೂ? ಉಂಡ ಮನಿ ಜಂತಿ ಎಣಿಸಿದ ಮಗ!"

ಫಕೀರಪ್ಪ ತನ್ನ ಕೈಯನ್ನು ತಾನೇ ಬೆರಗಾಗಿ ನೋಡಿಕೊಂಡ. "ಇಲ್ರೀ... ದಿನಾ ಅವರ್ನ ನೋಡಿ ನೋಡಿ ಬಂದದ್ರೀ ಇದು. ನಾ ಯಾಕ ಅವರ್ನ... ಅವರ್ನ ಬಿಟ್ರ ನನಗ ಯಾರದಾರ್ರೀ?"

ಯಾರು ನಂಬಬೇಕು? ನಮ್ಮೂರಿನವರಿಗೆ ಚಟ ಅಂದರೆ ಅಂಟುವುದು. ನೋಡಿ ಕಲಿಯುವುದೂ ಉಂಟು ಎಂಬುದು, ಕಣ್ಣ ಮುಂದೆ ಮಕ್ಕಳು ಅದನ್ನೇ ಆಡುತ್ತಿದ್ದರೂ, ಒಬ್ಬರ ತಲೆಗೂ ಹೊಳೆಯಲಿಲ್ಲ. ನನ್ನ ತಲೆಗೂ. ಎಲ್ಲರೂ ಹಂಪವ್ವನ ಕಡೆ ತಿರುಗಿದರು. ಇಂಥದ್ದರಲ್ಲಿ ಹೆಂಡತಿಯ ಮಾತೇ ಕಡೆಯ ಮಾತು. ಅವಳು ಎದ್ದು ಬಂದು ಫಕೀರಪ್ಪನ ಮುಖ ನೋಡಿ, "ಒಯ್ಯಿರಿ ಇವನ್ನ" ಎಂದಳು. ಅವನನ್ನು ಎಣ್ಣೆ ಗಾಣದ ಮನೆಯ ಕಂಬಕ್ಕೆ ಕಟ್ಟಿಹಾಕಿದರು. ಸಂತೆಯ ದಿನ ಗುಡ್ಡದವರ ಮುಖಂಡ ಕೆಂಚನಗೌಡ ಎತ್ತಿನ ವ್ಯಾಪಾರಿಯ ವೇಷದಲ್ಲಿ ಬಂದು ಅವನನ್ನು ಕರೆದೊಯ್ಯುವುದೆಂದು ಮಾತಾಯಿತು.

ಸಂತೆಯ ಹಿಂದಿನ ದಿನ ನಾನೂ ಹಂಪವ್ವನೂ ನೀರಿಗೆ ನಿಂತಿದ್ದಾಗ ಬಾವಿಗೆ ರಾಚಪ್ಪನ ಹೆಂಡತಿ ಸಾಂತವ್ವ ಬಂದಳು. ಅವಳ ಓಣಿಯ ಬಾವಿ ಬತ್ತಿತ್ತು. ಹಣೆಯ ತುಂಬ ಕಾಸಿನಗಲ ಕುಂಕುಮ ಇಡುವ, ಸದಾ ಸಪ್ಪಗಿರುವ ಹೆಂಗಸು. ಗಂಡನ ಕೈ ಬಾಯಿ ಎರಡೂ ಜೋರು, ಇವಳ ಮೈಮೇಲೆ ಅದರ ಗುರುತು ನಾವು ನೋಡಿದ್ದುಂಟು. ಆ ದಿನ ಮಾತ್ರ ಹಗ್ಗ ಸೇದುತ್ತಾ ಒಳಗೊಳಗೇ ನಗುತ್ತಿದ್ದಳು.

"ಏನವ್ವಾ, ನಿಧಿ ಸಿಕ್ಕೇತೇನು?" ಎಂದು ನಾನು ಕೆಣಕಿದೆ.

ನಾಚಿ ನೀರಾದಳು. ಸೂತಕದ ಮನೆಯವಳ ಮುಂದೆ ಹೇಳಬಾರದೆಂದು ಸ್ವಲ್ಪ ಹೊತ್ತು ತಡೆದುಕೊಂಡಳು. ಆದರೆ ಸುಖಕ್ಕೆ ಬಾಯಿ ದೊಡ್ಡದು. "ನಮ್ಮನಿಯವರು ಎಷ್ಟು ಬದಲಾಗ್ಯಾರ ಅಂತೀ. ಹಗಲಿ ಅದ ಬೈಗುಳ, ಅದ ಸಿಟ್ಟು. ಆದ್ರ ನಿದ್ದಿಯೊಳಗ ಎದ್ದು ಕುಂದರ್ತಾರ. ಕಣ್ಣ ಮುಚ್ಚೇ ಇರ್ತಾವ. ಕೌದಿ ಎಳದು ನನ್ನ ಕಾಲಿಗೆ ಹೊದಸ್ತಾರ. ಹಿಮ್ಮಡಿ ಕೆಳಗ ಮಡಚ್ತಾರ. ಮಡಚಿ ಎರಡ ಸಲ ತಟ್ಟಿ ಮತ್ತ ಮಲಗ್ತಾರ. ಮುಂಜಾನಿ ಅವರಿಗ ಏನೂ ನೆನಪಿರೂದಿಲ್ಲ, ನಾನೂ ಕೇಳಿಲ್ಲ. ಹೊರಗ ಹಂಗಿದ್ರೂ ಒಳಗ ಮನಸ್ಸು ಮೆತ್ತಗ ಐತಿ ನೋಡು, ನನಗ ಇಷ್ಟ ದಿನ ತಿಳೀಲಿಲ್ಲ."

ಹಂಪವ್ವನ ಕೈಯಲ್ಲಿದ್ದ ಕೊಡ ಕಟ್ಟೆಯ ಮೇಲೆ ಬಿದ್ದು ಉರುಳಿತು. ಸಾಂತವ್ವ ಓಡಿ ಹೋಗಿ ಎತ್ತಿಕೊಟ್ಟಳು. ಯಾವಾಗಿನಿಂದ ಹೀಗೆ ಎಂದು ಹಂಪವ್ವ ಕೇಳಿದಳು. ಕಂಪೌಂಡರ್ ಹೋದ ವಾರದಿಂದ ಎಂದು ಹೇಳಿ, ತುಂಬಿದ ಕೊಡ ಹೊತ್ತು, ಬಂದ ಹಾಗೆಯೇ ನಗುತ್ತಾ ಸಾಂತವ್ವ ಹೋದಳು.

"ನನ್ನ ಕಾಲು ಮದಲಿಂದ ಥಂಡಿ," ಎಂದಳು ಹಂಪವ್ವ. "ಮದುವಿ ಆದ ವರ್ಷ ಒಮ್ಮೆ ಹೇಳಿದ್ದೆ. ಅವತ್ತಿಂದ ನಿದ್ದಿಯೊಳಗ ಹಿಂಗ ಮಾಡ್ತಿದ್ರು. ಹಿಮ್ಮಡಿ ಕೆಳಗ ಮಡಚಿ, ಎರಡ ಸಲ ತಟ್ಟಿ. ಅವರಿಗ ಗೊತ್ತಿರಲಿಲ್ಲ. ನಾ ಹೇಳಲಿಲ್ಲ. ಹೇಳಿದ್ರ ನಿಂತು ಹೋದೀತು ಅಂತ ಹೆದರಿಕಿ."

ಅವಳ ಮುಖದಲ್ಲಿ ಸಿಟ್ಟು ಹುಡುಕಿದೆ. ಇತ್ತು, ಆದರೆ ಅದರ ಜೊತೆಗೆ ಇನ್ನೊಂದು ಇತ್ತು. ಹಸಿವು ಅನ್ನಬೇಕು ಅದಕ್ಕೆ. ಗಂಡನದು ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ, ಅದೂ ಮತ್ತೊಬ್ಬಳ ಕಾಲಿನ ಮೇಲೆ. ಸೌಟು ಹಿಡಿದು ತಿದ್ದಿ ತೀಡಿ ಕಲಿಸಿದ್ದು ಗಾಳಿಗೆ ಹೋಗಿತ್ತು. ಯಾರೂ ಕಲಿಸದೆ ಇದ್ದದ್ದು ದಾಟಿತ್ತು. ಹುಲ್ಲಿನ ವ್ಯಾಪಾರಿಗೆ ಪಾಪ, ನಿಜವಾಗಿಯೂ ಕೆಮ್ಮೇ ಇತ್ತೋ ಏನೋ ಎಂದು ಆಗ ಹೊಳೆದು ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ.

"ಫಕೀರಪ್ಪನ್ನ ಒಯ್ಯಿರಿ ಅಂದದ್ದು ಈ ಬಾಯಿ," ಎಂದಳು ಹಂಪವ್ವ. "ನಾಳಿ ಅವನ ಜೀವ ಹೋದ್ರ ಕೊಂದಾಕಿ ನಾನ. ಅವನ ಚಟ ನನಗ ಅಂಟಬೇಕು."

ಆದರೆ ಸಾಬೀತು ಮಾಡುವುದು ಹೇಗೆ? ರಾಚಪ್ಪ ಗುಡ್ಡದವರ ಬಲಗೈ. ನಿದ್ದೆಯಲ್ಲಿ ಹೆಂಡತಿಗೆ ಹೊದಿಸುತ್ತಾನೆ ಎಂದರೆ ಕೆಂಚನಗೌಡ ನಗುತ್ತಾನೆ, ಇಲ್ಲವೆ ಹೆಂಗಸರ ಬಾವಿಕಟ್ಟೆ ಮಾತು ಅನ್ನುತ್ತಾನೆ. ಕಣ್ಣಾರೆ ತೋರಿಸಬೇಕು. ಹಂಪವ್ವ ನಮ್ಮ ಮನೆಯಲ್ಲಿ ಗಸಗಸೆ ಎಷ್ಟಿದೆ ಎಂದು ಕೇಳಿದಳು.

ಸಂತೆಯ ದಿನ ಕೆಂಚನಗೌಡ ಎರಡು ಎತ್ತು ಹೊಡೆದುಕೊಂಡು ಬಂದ. ಮೀಸೆಯ ಅಂಚಿನಲ್ಲಿ ನಗುವ, ಮಾತಿಗೆ ತಪ್ಪದವನೆಂದು ಹೆಸರಾದ ಮನುಷ್ಯ. ಹಂಪವ್ವ ಅವನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದಳು. ಅವನು ಮೊದಲು ನಕ್ಕ. ಅವಳು ನಗಲಿಲ್ಲ.

"ನೀವೂ ಉಣ್ರಿ ಗೌಡ್ರ. ಪಾಯಸ ಮಾತ್ರ ಮುಟ್ಟಬ್ಯಾಡ್ರಿ. ಕಣ್ಣ ತೆರದು ಕುಂದರ್ರಿ, ಅಷ್ಟ."

ಸತ್ತವನ ಹೆಂಡತಿ ಶಿಕ್ಷೆಗೆ ಮೊದಲು ಎಲ್ಲರಿಗೂ ಊಟ ಹಾಕುತ್ತೇನೆಂದರೆ ಯಾರು ಬೇಡವೆಂದಾರು? ಗಾಣದ ಮನೆಯಲ್ಲೇ ಪಂಕ್ತಿ ಕೂತಿತು. ಹೊರಗೆ ಎತ್ತು ತಿರುಗಿ ಗಾಣ ಕಿರುಗುಟ್ಟುತ್ತಿದ್ದುದರಿಂದ ಒಳಗಿನ ಮಾತು ಬೀದಿಗೆ ಕೇಳುತ್ತಿರಲಿಲ್ಲ. ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಇನ್ನೊಂದು ಹೋಳಿಗೆ, ಲೋಟಗಟ್ಟಲೆ ಗಸಗಸೆ ಪಾಯಸ. ರುಬ್ಬಿಕೊಟ್ಟವಳು ಯಾರು ಗೊತ್ತೇ? ಸಾಂತವ್ವ. ಬೆಳಿಗ್ಗೆಯೇ ತಾನಾಗಿ ಬಂದು ಒರಳಿಗೆ ಕೂತಿದ್ದಳು. ಹಂಪವ್ವ ಅವಳ ಮುಖ ನೋಡಲಾರದೆ ಬೆನ್ನು ತಿರುಗಿಸಿ ಹೋಳಿಗೆ ಬೇಯಿಸುತ್ತಿದ್ದಳು. ನನಗೂ ಆ ಪಾಪ ಕುಟುಕುತ್ತಿತ್ತು. ಫಕೀರಪ್ಪನಿಗೂ ಕಂಬದ ಬುಡದಲ್ಲೇ ಎಲೆ ಹಾಕಿದೆವು, ಅವನು ತುತ್ತು ಮುಟ್ಟಲಿಲ್ಲ.

ಊಟವಾಗಿ ಜಮಖಾನದ ಮೇಲೆ ಗಂಡಸರು ಒರಗಿದರು. ವಿಚಾರಣೆ ಬಿಸಿಲು ಇಳಿದ ಮೇಲೆ ಎಂದ ಗೌಡ. ಸ್ವಲ್ಪ ಹೊತ್ತಿನಲ್ಲೇ ಗಾಣದ ಮನೆಯ ತುಂಬ ಗೊರಕೆ. ಗೌಡನ ಜೊತೆ ಸಾಕ್ಷಿಗೆಂದು ಎಚ್ಚರವಿರಬೇಕಾಗಿದ್ದ ನನ್ನ ಗಂಡನೇ ಮೊದಲು ಗೊರಕೆ ಹೊಡೆದವರು, ಪಾಯಸ ಮುಟ್ಟಬೇಡಿ ಎಂದು ಬಡಕೊಂಡಿದ್ದೆ. ರಾಚಪ್ಪ ಗೋಡೆಯ ಮಗ್ಗುಲಲ್ಲಿ ಅಂಗಾತ ಮಲಗಿದ್ದ. ಎಚ್ಚರವಿದ್ದಾಗ ಅವನು ತನ್ನನ್ನು ತಾನು ಎಷ್ಟು ಕಾವಲು ಕಾಯುತ್ತಿದ್ದನೋ ಏನೋ, ನಿದ್ದೆಯಲ್ಲಿ ಮುಖ ಸಡಿಲವಾಗಿ ಸಾದಾ ಮನುಷ್ಯನ ಹಾಗೆ ಕಂಡ.

ಹಂಪವ್ವ ಸದ್ದಿಲ್ಲದೆ ಹೋಗಿ ಅವನ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ಕಾಲು ಚಾಚಿದಳು. ಬರಿಗಾಲು, ಬಿರುಕು ಬಿಟ್ಟ ಹಿಮ್ಮಡಿ. ಒಂದು ಹೊದಿಕೆಯನ್ನು ಇಬ್ಬರ ನಡುವೆ ಇಟ್ಟು ಕೈ ಕಟ್ಟಿಕೊಂಡಳು.

ಕಾದೆವು. ಗಾಣ ತಿರುಗುತ್ತಿತ್ತು. ಗೌಡ ಆಕಳಿಕೆ ನುಂಗಿ ನನ್ನ ಕಡೆ ನೋಡಿದ, ಇದೆಂಥ ಹುಚ್ಚಾಟ ಅನ್ನುವ ಹಾಗೆ. ಎಂಜಲೆಲೆ ತೆಗೆಯಲು ಬಂದ ಸಾಂತವ್ವ ಬಾಗಿಲಲ್ಲಿ ನಿಂತಳು. ರಾಚಪ್ಪನ ಮಗ್ಗುಲಲ್ಲಿ ಹಂಪವ್ವ ಕಾಲು ಚಾಚಿ ಕೂತಿದ್ದನ್ನು ಕಂಡು ಅವಳಿಗೆ ಮೊದಲು ಏನೂ ಅರ್ಥವಾಗಲಿಲ್ಲ.

ಆಗ ರಾಚಪ್ಪ ಎದ್ದು ಕೂತ. ಕಣ್ಣು ಮುಚ್ಚಿತ್ತು. ಕೈ ತಡವಿ ಹೊದಿಕೆಯ ಅಂಚು ಹುಡುಕಿ ಎಳೆದ. ಹತ್ತಿಯ ಮೂಟೆ ಎತ್ತಿ ಜಡ್ಡುಗಟ್ಟಿದ ಆ ಕೈ ಹಂಪವ್ವನ ಕಾಲಿಗೆ ಮೆಲ್ಲಗೆ ಹೊದಿಸಿತು, ಹಿಮ್ಮಡಿಯ ಕೆಳಗೆ ಮಡಚಿತು, ಎರಡು ಸಲ ತಟ್ಟಿತು. ಮತ್ತೆ ಮಲಗಿದ.

ಗೌಡ ಎದ್ದು ನಿಂತಿದ್ದ. ಕಂಬದಲ್ಲಿ ಫಕೀರಪ್ಪ ಬಾಯಿ ಬಿಟ್ಟು ನೋಡುತ್ತಿದ್ದ. ಸಾಂತವ್ವ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಅವಳೂ ನಮ್ಮೂರಿನವಳೇ. "ಹಂಗಾರ ಅದು ಅವರದಲ್ಲೇನು?" ಎಂದಳು ಮೆಲ್ಲಗೆ. "ಅಷ್ಟೂ ಅವರದಲ್ಲೇನು?" ಅದನ್ನು ಕೇಳಿ ನನಗೆ ಬಂದಷ್ಟು ಅಳು ಮುರಿಗೆಪ್ಪನ ಹೆಣದ ಮುಂದೆಯೂ ಬಂದಿರಲಿಲ್ಲ.

ಗೌಡ ರಾಚಪ್ಪನನ್ನು ಎಬ್ಬಿಸಲು ಬಾಗಿದ. ಹಂಪವ್ವ ಕೈ ಅಡ್ಡ ಹಿಡಿದಳು. ಅವಳು ತನ್ನ ಕಾಲಿನ ಮೇಲಿನ ಹೊದಿಕೆಯನ್ನೇ ನೋಡುತ್ತಿದ್ದಳು.

"ಇನ್ನೊಂದು ಸ್ವಲ್ಪ ತಡೀರಿ, ಗೌಡ್ರ."

ಗೌಡ ತಡೆದ. ಎಬ್ಬಿಸಿದ ಮೇಲೆ ರಾಚಪ್ಪ ವಾದ ಮಾಡಲಿಲ್ಲ. ತಮ್ಮನನ್ನು ದ್ವೀಪದ ಜೈಲಿನಿಂದ ಬಿಡುತ್ತೇವೆ ಎಂದಿದ್ದರಂತೆ ಇಲ್ಲದವರು. ಮಾಡಿದ, ತಮ್ಮ ಬರಲಿಲ್ಲ. ಅಂಟಿದ ಚಟ ಯಾವುದೆಂದು ದಿನವೆಲ್ಲ ಮೈ ನೋಡಿಕೊಂಡು, ಏನೂ ಕಾಣದೆ, ದೇವರು ತನ್ನನ್ನು ಬಿಟ್ಟ ಎಂದುಕೊಂಡಿದ್ದನಂತೆ. ಫಕೀರಪ್ಪ ಕಿವಿ ಜಗ್ಗಿದಾಗ ನಿಜವಾಗಿಯೂ ಅವನೇ ಕೊಂದಿರಬೇಕೇನೋ ಎಂದು ಒಂದು ಕ್ಷಣ ಅನ್ನಿಸಿತಂತೆ. ಮನುಷ್ಯ ತನ್ನನ್ನು ತಾನು ನಂಬಿಸಿಕೊಳ್ಳುವ ಪರಿ ನೋಡಿ.

ಫಕೀರಪ್ಪನ ಹಗ್ಗವನ್ನು ಹಂಪವ್ವ ಕೈಯಾರೆ ಬಿಚ್ಚಿ ಅವನ ಕಾಲು ಹಿಡಿದಳು. ಆಮೇಲೆ ಗೌಡನಿಗೆ ಹೇಳಿದಳು: "ಇವನ್ನ ಕೊಲ್ಲಬ್ಯಾಡ್ರಿ. ಅದು ನನ್ನ ಗಂಡಂದು, ಇವನ ಮೈಯಾಗ ಐತಿ. ಮತ್ತ ಸಾಂತವ್ವ ಏನು ತಪ್ಪು ಮಾಡ್ಯಾಳ?"

ಗೌಡ ಅವಳ ಅಂಗೈಯಲ್ಲಿ ಕೈಯಿಟ್ಟು ಭಾಷೆ ಕೊಟ್ಟ. "ಕೊಲ್ಲೂದಿಲ್ಲವ್ವಾ. ಹೊಳಿ ದಾಟಿಸಿ ಬಿಡ್ತೀವಿ. ಈ ಕಡೆ ಮುಖ ಹಾಕಬಾರದು, ಅಷ್ಟ." ಎತ್ತುಗಳ ಹಿಂದೆ ರಾಚಪ್ಪನನ್ನು ನಡೆಸಿಕೊಂಡು ಸಂತೆಯ ಜನದಲ್ಲಿ ಬೆರೆತುಹೋದ.

ಸಾಂತವ್ವ ಬಹಳ ದಿನ ನಮ್ಮ ಬಾವಿಯ ಕಡೆ ಸುಳಿಯಲಿಲ್ಲ. ಮಾರ್ಗಶಿರದ ಒಂದು ಬೆಳಿಗ್ಗೆ ಹಂಪವ್ವನ ಕಟ್ಟೆಯ ಮೇಲೆ ಬಂದು ಕೂತಳು. "ರೂಢಿ ಆಗಿಬಿಟ್ಟೇತಿ. ಕಾಲು ಥಂಡಿ ಆಗ್ತಾವ," ಎಂದಳು. ಹಂಪವ್ವ ಒಳಗಿನಿಂದ ಕೌದಿ ತಂದು ಹಾಕಿದಳು. ಅಲ್ಲಿಂದ ಇಬ್ಬರೂ ಸೇರಿ ಹಪ್ಪಳ ಒತ್ತಿ ಮಾರತೊಡಗಿದರು. ಹೊಳೆಯಾಚೆಗೆ ಹೋಗುವ ಯಾರೇ ಸಿಕ್ಕರೂ ಸಾಂತವ್ವ ಅವರ ಕೈಯಲ್ಲಿ ಒಂದು ಕಟ್ಟು ಹಪ್ಪಳ ಕೊಟ್ಟು, ದಪ್ಪ ದನಿಯ ತೂಕದ ರಾಚಪ್ಪ ಅಂತ ಕೇಳಿ ಕೊಡಿ ಅನ್ನುತ್ತಿದ್ದಳು. ಹಪ್ಪಳ ತಿರುಗಿ ಬರುತ್ತಿರಲಿಲ್ಲವಾಗಿ ಅವನಿಗೆ ಸಿಕ್ಕಿತೆಂದೇ ತಿಳಿದಿದ್ದಳು. ಕಾಸಿನಗಲದ ಕುಂಕುಮವನ್ನು ಒಂದು ದಿನವೂ ಬಿಡಲಿಲ್ಲ.

ಕಡೆಗೆ ಹಡಗಿನವರು ಹಡಗು ಹತ್ತಿದರು. ಇಲ್ಲದವರು ಹೇಗೂ ಇರಲೇ ಇಲ್ಲವಲ್ಲ, ಅವರ ಮೇಲೆ ಯಾವ ಕೋರ್ಟು ಕಟ್ಲೆಯೂ ನಡೆಯಲಿಲ್ಲ. ನಮ್ಮ ಬಾವುಟ ಏರಿತು. ಕೆಂಚನಗೌಡ ಪುರಸಭೆಯ ಅಧ್ಯಕ್ಷನಾಗಿ ನಮ್ಮ ಓಣಿಗೆ ನಲ್ಲಿ ಹಾಕಿಸಿದ. ಅದಕ್ಕೆ ಕಾಯಿ ಒಡೆಯಲು ಅವನ ಹೆಂಡತಿ ಪಾರ್ವತವ್ವ ಬಂದಳು. ಚಿಕ್ಕ ವಯಸ್ಸು, ದೊಡ್ಡಸ್ತಿಕೆ ಇಲ್ಲದ ಹುಡುಗಿ. ಹೆಂಗಸರೆಲ್ಲ ಸುತ್ತುವರಿದು ಗೌಡರ ಶೌರ್ಯವನ್ನು ಹೊಗಳಿದರು. ಅವಳು ಹಿಗ್ಗಿ, ಸೆರಗು ಬಾಯಿಗೆ ಹಿಡಿದು ಹೇಳಿದಳು:

"ಹೊರಗ ಹುಲಿ ಅಂತಾರ ಎಲ್ಲಾರೂ. ಮನ್ಯಾಗ ನೋಡಬೇಕು ನೀವು. ನಿದ್ದಿಗಣ್ಣಾಗ ಎದ್ದು ನನ್ನ ಕಾಲಿಗೆ ಹೊದಸ್ತಾರ."

ಹೆಂಗಸರು ನಕ್ಕರು. 'ಪುಣ್ಯವಂತಿ' ಅಂದರು. ನಾನು ಹಂಪವ್ವನ ಕಡೆ ನೋಡಲಾರದೆ ನೋಡಿದೆ. ಮಾತಾಡಿದವಳು ಅವಳಲ್ಲ, ಸಾಂತವ್ವ.

"ಹಿಮ್ಮಡಿ ಕೆಳಗ ಮಡಚ್ತಾರೇನವ್ವಾ?"

"ಹೂಂ ಮತ್ತ!"

"ಎರಡ ಸಲ ತಟ್ತಾರೇನು?"

"ಅಯ್ಯ, ನಿಮಗ ಹ್ಯಾಂಗ ಗೊತ್ತು?"

ಅವಳಿಗೆ ನಮ್ಮೂರಿನ ಸಂಗತಿ ಇನ್ನೂ ಪೂರ್ತಿ ತಿಳಿದಿರಲಿಲ್ಲ, ಬೇರೆ ಊರಿನಿಂದ ಬಂದ ಸೊಸೆ. ಗೊತ್ತಿದ್ದ ಹಳಬರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಹಂಪವ್ವ ಮುಂದೆ ಹೋಗಿ ಆ ಹುಡುಗಿಯ ಗಲ್ಲ ಮುಟ್ಟಿದಳು. ತನ್ನ ಗಂಡನ ಚಟ ಹೊದಿಸಿದ ಕಾಲು ಅವಳದು, ಅವಳನ್ನು ಬೈಯಲು ಬಾಯಿ ಹೇಗೆ ಬರಬೇಕು?

"ಮನಿಗೆ ಹೋಗಿ ಗೌಡ್ರಿಗೆ ಹೇಳವ್ವಾ, ನಿದ್ದಿಯೊಳಗ ನೀವು ಹಿಂಗ ಮಾಡ್ತೀರಿ ಅಂತ. ಹಂಪವ್ವ ಕೇಳಿದ್ಲು ಅಂತ ಹೇಳು. ಭಾಷೆ ತಗೊಂಡ ಅಂಗೈ ಇನ್ನೂ ಐತಿ ಅನ್ನು."

ಹುಡುಗಿ ಏನೂ ತಿಳಿಯದೆ ತಲೆಯಾಡಿಸಿ, ನಲ್ಲಿ ತಿರುಗಿಸಿದಳು. ನೀರು ಭರ್ರನೆ ಬಂತು. ಎಲ್ಲರಿಗಿಂತ ಮೊದಲು ಸಾಂತವ್ವ ಹೋಗಿ ಬೊಗಸೆ ಒಡ್ಡಿದಳು, ಬಾಗಿ ನಿಂತು ಹಣೆ ತೊಳೆದುಕೊಂಡಳು.